ಅತ್ತೆಗೆ ಹೇಳಿದ ಸಿನಿಮಾಗಳು

ಜೂನ್ 6, ಶುಕ್ರವಾರ

ಬೆಟ್ಟ ಅಗೆದು ಇಲಿ ಹಿಡಿದರು. ಅದೂ ಸತ್ತ ಇಲಿ.

ಒಬ್ಬ ನ್ಯಾಯಾಧೀಶ, ತಾನೇ ಜೈಲಿಗೆ ಕಳಿಸಿದವನ ಮನೆಗೆ ಬಾಡಿಗೆಗೆ ಬರುತ್ತಾನೆ. ಇಬ್ಬರಿಗೂ ಗುರುತು ಸಿಗುವುದಿಲ್ಲ, ಯಾಕೆಂದರೆ ಒಬ್ಬ ಮೀಸೆ ಬಿಟ್ಟಿದ್ದಾನೆ, ಇನ್ನೊಬ್ಬ ಬೋಳಿಸಿದ್ದಾನೆ. ನಮ್ಮ ಆಲ್ಟರೇಷನ್ ಅಂಗಡಿಗೆ ವರ್ಷಕ್ಕೊಮ್ಮೆ ಬರುವವರ ಸೊಂಟದ ಅಳತೆ ಕೂಡ ನನಗೆ ನೆನಪಿರುತ್ತದೆ. ಈ ಮಹಾನುಭಾವನಿಗೆ ತಾನು ಶಿಕ್ಷೆ ಕೊಟ್ಟವನ ಮುಖ ನೆನಪಿಲ್ಲವಂತೆ. ನಾಯಕಿ ಅತ್ತಿದ್ದೇ ಅತ್ತಿದ್ದು, ಕಣ್ಣಿನ ಕಪ್ಪು ಒಂದೆಳೆ ಕರಗಲಿಲ್ಲ. ಕೊನೆಗೆ ಎದೆಗೆ ಗುಂಡು ಬಿದ್ದವನು ಎದ್ದು ಕೂತು ಎಲ್ಲರಿಗೂ ಬುದ್ಧಿವಾದ ಹೇಳಿ ನಗುನಗುತ್ತ ಮನೆಗೆ ಹೋದ.

ಸಿನಿಮಾದ ವಿಷಯದಲ್ಲಿ ನನ್ನದು ಒಂದೇ ಹಟ. ಸಾಯಬೇಕಾದವರು ಸಾಯಬೇಕು. ನೋಡುವವರಿಗೆ ಬೇಜಾರಾಗುತ್ತದೆಂದು ಕೊನೇ ಗಳಿಗೆಯಲ್ಲಿ ಕಥೆಯ ಕೈಕಾಲು ತಿರುಚಿದರೆ ಅದು ಮೋಸ. ಅತ್ತೆ ಇದನ್ನು ಒಪ್ಪುವುದಿಲ್ಲ. "ಅಳೋಕೆ ಥಿಯೇಟರಿಗೆ ಯಾಕೆ ಹೋಗ್ಬೇಕು, ಮನೇಲಿ ಈರುಳ್ಳಿ ಇಲ್ವಾ?" ಎನ್ನುತ್ತಾರೆ.

ಇದನ್ನೆಲ್ಲ ಬರೆದಿಡುತ್ತಿರುವುದು ಅತ್ತೆಗೆ ಹೇಳುವಾಗ ಮರೆಯಬಾರದೆಂದು. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಶುಕ್ರವಾರದ ಮಧ್ಯಾಹ್ನದ ಆಟ ನಮ್ಮಿಬ್ಬರದು. ಅಂಗಡಿಯ ಮಾಸ್ಟರ್ ಆ ದಿನ ಅರ್ಧ ರಜೆ ಕೊಡುತ್ತಾರೆ, ಭಾನುವಾರ ಹೋಗಿ ತೀರಿಸುತ್ತೇನೆ. ನನ್ನ ಗಂಡ, ಇವರು, ದೂರದ ಊರುಗಳ ಬಸ್ಸಿನ ಡ್ರೈವರ್. ಥಿಯೇಟರಿನಲ್ಲಿ ದೀಪ ಆರಿದರೆ ಸಾಕು, ಗೊರಕೆ. ಬಸ್ಸಿನಲ್ಲಿ ಎಚ್ಚರವಾಗಿರುತ್ತಾರಲ್ಲ, ಅದು ಪ್ರಯಾಣಿಕರ ಪುಣ್ಯ. ಸಿನಿಮಾಗಳಲ್ಲಿ ಅತ್ತೆ ಎಂದರೆ ಸೊಸೆಗೆ ವಿಷ ಹಾಕುವವಳು. ನನ್ನ ಅತ್ತೆ ಇಂಟರ್ವಲ್ಲಿನಲ್ಲಿ ಚಹಾಕ್ಕೆ ನನ್ನನ್ನು ಓಡಿಸಿ, ನಮ್ಮಿಬ್ಬರ ನಡುವಿನ ಸೀಟಿನ ಕೈ ಮೇಲೆ ತಮ್ಮ ಮೊಣಕೈ ಚಾಚುತ್ತಾರೆ. ಅಷ್ಟೇ ಅವರ ದೌರ್ಜನ್ಯ.

ಹೋದ ಶುಕ್ರವಾರ ಬಾಲ್ಕನಿಯ ಮೆಟ್ಟಿಲ ನಡುವೆ ಕಂಬಿ ಹಿಡಿದು ನಿಂತುಬಿಟ್ಟರು. ಮುಖವೆಲ್ಲ ಬೂದಿ ಬಣ್ಣ. "ಈ ಥಿಯೇಟರಿನವ್ರು ಮೆಟ್ಟಿಲು ಜಾಸ್ತಿ ಮಾಡಿದ್ದಾರೆ ಕಣೇ" ಎಂದರು. ಹಾಗಾಗಿ ಇವತ್ತು ಅವರನ್ನು ಮನೆಯಲ್ಲೇ ಬಿಟ್ಟು ಹೋದೆ. ಟಾರ್ಚಿನವನು ಸೀಟು ತೋರಿಸುತ್ತ, "ಅಮ್ಮ ಬರಲಿಲ್ವಾ?" ಎಂದು ಕೇಳಿದ.

ಸೀಟಿನ ಕೈ ಪೂರ್ತಿ ನನಗೇ ಸಿಕ್ಕಿತ್ತು. ನಾನು ಕೈ ಇಡಲಿಲ್ಲ.

ಜೂನ್ 7, ಶನಿವಾರ

ನಿನ್ನೆ ಬರೆಯಬೇಕಾದ್ದನ್ನು ಬರೆಯಲಿಲ್ಲ. ಬರೆದರೆ ನಿಜವಾಗಿಬಿಡುತ್ತದೇನೋ ಎಂಬ ಭಯ.

ಬುಧವಾರ ಆಸ್ಪತ್ರೆಯಲ್ಲಿ ಅತ್ತೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಡಾಕ್ಟರಮ್ಮ ನನ್ನೊಬ್ಬಳನ್ನೇ ಒಳಗೆ ಕರೆದರು. ಹೃದಯದ ಒಂದು ಕವಾಟ ಗಟ್ಟಿಯಾಗಿಬಿಟ್ಟಿದೆಯಂತೆ, ತೆರೆಯಬೇಕಾದಷ್ಟು ತೆರೆಯುತ್ತಿಲ್ಲವಂತೆ. ಮಾತ್ರೆಗೆ ಬಗ್ಗುವಂಥದ್ದಲ್ಲ. ಎದೆ ತೆರೆದು ಬೇರೆಯದನ್ನು ಕೂರಿಸಬೇಕು.

"ಈ ವಯಸ್ಸಿಗೆ ಆಪರೇಷನ್ ಅಂದ್ರೆ ಅಪಾಯ ಇಲ್ಲ ಅನ್ನಲ್ಲ. ಆದ್ರೆ ಮಾಡಿಸದೇ ಇದ್ರೆ ದಿನಾ ಅಪಾಯಾನೇ. ನಡೀತಾ ನಡೀತಾನೇ ಬಿದ್ದುಬಿಡಬಹುದು. ತಡ ಮಾಡ್ಬೇಡಿ. ಅವರ ಒಪ್ಪಿಗೆ ಬೇಕು, ಮನೇಲಿ ಮಾತಾಡಿ ಕರ್ಕೊಂಡು ಬನ್ನಿ."

ಹೊರಗೆ ಬಂದೆ. ಅತ್ತೆ ಬೆಂಚಿನ ಮೇಲೆ ಕಾಲು ಅಲ್ಲಾಡಿಸುತ್ತ ಕೂತಿದ್ದರು. "ಏನಂದ್ಲೇ?"

"ಸುಸ್ತಂತೆ ಅತ್ತೆ. ರೆಸ್ಟ್ ತಗೋಬೇಕಂತೆ. ಮೆಟ್ಟಿಲು ಹತ್ತಬಾರದಂತೆ."

ನನ್ನ ಬಾಯಿಂದ ಬೇರೆ ಯಾರೋ ಮಾತಾಡಿದ ಹಾಗಿತ್ತು. ಮನೆಗೆ ಬಂದು ಇವರಿಗೆ ಫೋನು ಮಾಡಿದೆ. ಇವರು "ಅಮ್ಮಂಗೆ ಹೇಳ್ಬೇಡ" ಎಂದರು. "ದೊಡ್ಡಮ್ಮ ಆಪರೇಷನ್ನಿಗೆ ಅಂತ ಹೋದವಳು ವಾಪಸ್ ಬರ್ಲಿಲ್ಲ. ಆ ಮಾತು ಕಿವಿಗೆ ಬಿದ್ರೇ ಅಮ್ಮನ ಎದೆ ನಿಂತುಹೋಗುತ್ತೆ. ನಾನು ಬರ್ತೀನಿ, ನೋಡೋಣ."

ಹೇಳಿದರೆ ಹೆದರಿಕೆಯಿಂದ ಏನಾದರೂ ಆದೀತು. ಹೇಳದಿದ್ದರೆ ಆಪರೇಷನ್ನಿಲ್ಲ. ನುಂಗಲಾರೆ, ಉಗುಳಲಾರೆ. ಇವತ್ತು ಅಂಗಡಿಯಲ್ಲಿ ಒಬ್ಬರ ಪ್ಯಾಂಟಿನ ಬಲಗಾಲನ್ನೇ ಎರಡು ಸಲ ಗಿಡ್ಡ ಮಾಡಿದೆ.

ಜೂನ್ 13, ಶುಕ್ರವಾರ

ಒಳ್ಳೆಯ ಸಿನಿಮಾ ನೋಡಿ ಎಷ್ಟು ದಿನವಾಗಿತ್ತು!

ಹಳೇ ಕಟ್ಟಡವೊಂದರಲ್ಲಿ ಲಿಫ್ಟು ನಡೆಸುವ ಅಜ್ಜಿ. ಮೂಲೆಯಲ್ಲೊಂದು ಸ್ಟೂಲು, ಅದರ ಮೇಲೆ ಅವಳು. ಇಡೀ ಸಿನಿಮಾ ಲಿಫ್ಟಿನೊಳಗೇ. ಜನ ಹತ್ತುತ್ತಾರೆ, ಇಳಿಯುತ್ತಾರೆ. ಜಗಳ ಆಡುತ್ತ ಹತ್ತಿದ ದಂಪತಿ ಮಾರನೇ ದಿನ ಒಬ್ಬೊಬ್ಬರೇ ಹತ್ತುತ್ತಾರೆ. ಮೇಲೆ ಏನಾಯಿತು ಎಂದು ನಮಗೆ ತೋರಿಸುವುದೇ ಇಲ್ಲ, ಅಜ್ಜಿಗೆ ಗೊತ್ತಾದಷ್ಟೇ ನಮಗೂ ಗೊತ್ತು. ಹಾಡಿಲ್ಲ, ಹೊಡೆದಾಟವಿಲ್ಲ. ಅಜ್ಜಿಯ ಪಾತ್ರ ಮಾಡಿದಾಕೆ ಗುಂಡಿ ಒತ್ತುವ ಬೆರಳಿನಲ್ಲೇ ಅಭಿನಯಿಸಿಬಿಟ್ಟಳು.

ಕೊನೆಗೊಂದು ಬೆಳಗ್ಗೆ ಬಾಗಿಲು ತೆರೆಯುತ್ತದೆ. ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದಾಳೆ. ನಿದ್ದೆ ಮಾಡುತ್ತಿದ್ದಾಳೆಂದು ಜನ ಸದ್ದಿಲ್ಲದೆ ಒಳಗೆ ಬಂದು, ತಾವೇ ಗುಂಡಿ ಒತ್ತಿಕೊಳ್ಳುತ್ತಾರೆ. ಬಾಗಿಲು ಮುಚ್ಚುತ್ತದೆ. ಅಷ್ಟೇ. ಬೇರೆ ಯಾವ ಕೊನೆ ಇಟ್ಟಿದ್ದರೂ ನಾನು ಎದ್ದು ನಿಂತು ಬೈಯುತ್ತಿದ್ದೆ.

ಆದರೆ ದೀಪ ಹಾಕಿದಾಗ ಸುತ್ತಲಿನವರು ಕಣ್ಣೊರೆಸಿಕೊಂಡು ಹೊರಟರು, ನಾನು ಓಡಿದೆ.

ಅತ್ತೆ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ದಿಂಬು ಒರಗಿಸಿ, ಬಿಸ್ಕತ್ತಿನ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ತಯಾರಾಗಿದ್ದರು. ಫೋನಿನಲ್ಲಿ ಸಿನಿಮಾ ನೋಡುವುದು ಅವರಿಗೆ ಆಗದು. "ಅದರಲ್ಲಿ ಹೆಬ್ಬೆರಳಷ್ಟು ಮನುಷ್ಯರು, ಸತ್ರೂ ಇರುವೆ ಸತ್ತ ಹಾಗಿರುತ್ತೆ. ನೀನೇ ಹೇಳು." ಹೇಳಿದೆ. ಎಲ್ಲ ಇದ್ದ ಹಾಗೇ ಹೇಳಿಕೊಂಡು ಬಂದೆ. ಕೊನೆಯ ಬೆಳಗ್ಗೆ ಬಂತು, ಬಾಗಿಲು ತೆರೆಯಿತು.

"ಆಮೇಲೆ?" ಎಂದರು ಅತ್ತೆ. ಉಸಿರು ಸ್ವಲ್ಪ ಜೋರಾಗಿತ್ತು.

"ಆಮೇಲೆ... ಅಜ್ಜಿ ಕಣ್ಣು ಬಿಟ್ಟಳು ಅತ್ತೆ. ಎದ್ದಳು. ಮೊದಲನೇ ಸಲ ಲಿಫ್ಟಿನಿಂದ ಹೊರಗೆ ಬಂದು ತಾರಸಿಗೆ ಹೋಗಿ, ಬಿಸಿಲಿಗೆ ಕಾಲು ಚಾಚಿ ಕೂತಳು."

"ಹಾಂ, ಹಾಗಿರಬೇಕು ನೋಡು!" ಎಂದು ಬಿಸ್ಕತ್ತು ಮುರಿದು ನನಗರ್ಧ ಕೊಟ್ಟರು.

ಒಂದೇ ಒಂದು ಸಲ ತಾನೆ. ಕಾಯಿಲೆಯವರ ಮುಂದೆ ಸಾವಿನ ಮಾತು ಯಾಕೆ.

ಜೂನ್ 17, ಮಂಗಳವಾರ

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು. ಸೋಪು ಹತ್ತಿದ ಕೈಯಲ್ಲೇ ಓಡಿದೆ. ಚಮಚ.

"ಚಮಚ ಬಿದ್ದಿದ್ದಕ್ಕೆ ಹೀಗೆ ಓಡಿ ಬರ್ತೀಯಲ್ಲ, ಪಾತ್ರೆ ಬಿದ್ರೆ ಪೊಲೀಸ್ ಕರೀತೀಯಾ?" ಎಂದರು ಅತ್ತೆ.

ಇವತ್ತೇ ಹೇಳಿಬಿಡಬೇಕೆಂದಿದ್ದೆ. ನಗುತ್ತಿದ್ದರು. ಆಗಲಿಲ್ಲ.

ಜೂನ್ 20, ಶುಕ್ರವಾರ

ದೆವ್ವದ ಸಿನಿಮಾ. ದೆವ್ವಗಳೆಂದರೆ ನನಗೆ ನಗು. ಅವಕ್ಕೆ ಬಾಗಿಲು ಕಿರ್‍ರೆನ್ನಿಸುವುದು ಬಿಟ್ಟು ಬೇರೆ ಕಸುಬಿಲ್ಲ. ಹಿಂದೆಲ್ಲ ನಾನೂ ಅತ್ತೆಯೂ ದೆವ್ವ ಬಂದಾಗಲೆಲ್ಲ ಅದರ ಅಂಗಿಯ ಹೊಲಿಗೆ ನೋಡುತ್ತಿದ್ದೆವು. ಒಂದು ದೆವ್ವದ ಅಂಚಿನ ಹೊಲಿಗೆ ಬಿಟ್ಟುಹೋಗಿ ದಾರ ನೇತಾಡುತ್ತಿದ್ದದ್ದು ಕಂಡು ಅತ್ತೆ, "ಪಾಪ, ಅಂಗಡಿಗೆ ಬರಕ್ಕೆ ಹೇಳೇ" ಎಂದಿದ್ದರು.

ಇವತ್ತೂ ಮೊದಲರ್ಧವೆಲ್ಲ ಅದೇ ಹಳೇ ಸರಕು. ಆಮೇಲೆ ಒಂದು ಕೋಣೆ ತೋರಿಸಿದರು. ಹಗಲು. ಮಂಚದ ಪಕ್ಕ ಒಂದು ಜೊತೆ ಚಪ್ಪಲಿ. ಮಂಚ ಖಾಲಿ. ಸಂಗೀತವೂ ಇಲ್ಲ, ಏನೂ ಇಲ್ಲ. ಚಪ್ಪಲಿ ಹಾಗೇ ಇದೆ.

ಹಗ್ಗ ಕಂಡರೂ ಹಾವೆನ್ನಿಸುವ ಹೊತ್ತಿನಲ್ಲಿ ಅದನ್ನು ನೋಡಬಾರದಿತ್ತು. ಇಂಟರ್ವಲ್ಲಿಗೆ ಎದ್ದು ಬಂದುಬಿಟ್ಟೆ. ಸಿನಿಮಾವನ್ನು ಅರ್ಧಕ್ಕೆ ಬಿಟ್ಟದ್ದು ಜೀವಮಾನದಲ್ಲಿ ಇದೇ ಮೊದಲು. ಎಂಥ ದರಿದ್ರ ಸಿನಿಮಾವನ್ನೂ ಕೊನೆಯ ಹೆಸರುಗಳವರೆಗೆ ನೋಡಿ ಆಮೇಲೆ ಬೈಯುವವಳು ನಾನು.

ಮನೆಯಲ್ಲಿ ಅತ್ತೆ ಮಲಗಿದ್ದರು. ಅಲ್ಲಾಡುತ್ತಿರಲಿಲ್ಲ. ಹತ್ತಿರ ಹೋಗಿ ಮೂಗಿನ ಮುಂದೆ ಕೈ ಹಿಡಿದೆ. ಕಣ್ಣು ಮುಚ್ಚಿಕೊಂಡೇ, "ಬರ್ತಾ ಇದೆ, ಹೋಗ್ತಾ ಇದೆ. ಸಾಕಾ?" ಎಂದರು.

"ನೊಣ ಕೂತಿತ್ತು ಅತ್ತೆ."

"ಹೂಂ. ಬೇಗ ಬಂದೆ?"

"ಸಣ್ಣ ಸಿನಿಮಾ."

ಉಳಿದರ್ಧವನ್ನು ನಾನೇ ಕಟ್ಟಿ ಹೇಳಿದೆ. ದೆವ್ವವೇ ಇರಲಿಲ್ಲ, ಮನೆಯ ಯಜಮಾನಿ ಪಕ್ಕದೂರಿಗೆ ಹೋಗಿದ್ದಳು, ಹೊಸ ಚಪ್ಪಲಿ ಹಾಕಿಕೊಂಡು ಹೋಗಿದ್ದಳು, ವಾಪಸ್ ಬಂದಳು. ಅತ್ತೆ ಬಹಳ ಮೆಚ್ಚಿದರು. "ಈಚೆಗೆ ಕಥೆ ಬರೆಯೋರು ಸುಧಾರಿಸಿದ್ದಾರೆ" ಎಂದರು.

ಜೂನ್ 22, ಭಾನುವಾರ

ಇವರು ಬಂದಿದ್ದರು. ಅಮ್ಮನ ಪಕ್ಕ ಕೂತು ಅವರ ಕಾಲು ಒತ್ತಿದರು. ಮೂರು ಸಲ ಬಾಯಿ ತೆರೆದರು, ಮೂರು ಸಲವೂ "ಊಟ ಆಯ್ತಾಮ್ಮ?" ಎಂದೇ ಕೇಳಿದರು. ಹೊರಡುವಾಗ ಬಾಗಿಲ ಹೊರಗೆ ನನಗೆ, "ಮುಂದಿನ ವಾರ ನೋಡೋಣ" ಎಂದರು. ಅಷ್ಟು ಜನರನ್ನು ಹೊತ್ತು ಘಾಟಿ ಇಳಿಸುವ ಮನುಷ್ಯ, ಕಣ್ಣಲ್ಲಿ ನೀರು.

ಆಸ್ಪತ್ರೆಯಿಂದ ಎರಡು ಸಲ ಫೋನು ಬಂತು. ತೆಗೆಯಲಿಲ್ಲ.

ಜೂನ್ 27, ಶುಕ್ರವಾರ

ಎಂಥ ಚಂದದ ಸಿನಿಮಾ!

ಒಬ್ಬ ಕ್ಷೌರಿಕ, ಒಬ್ಬ ಬ್ಯಾಂಕ್ ಮ್ಯಾನೇಜರು. ಬೀಗದ ಕೈ ಅದಲುಬದಲಾಗಿ ಇವನ ಮನೆಗೆ ಅವನು, ಅವನ ಮನೆಗೆ ಇವನು. ಹೆಂಡತಿಯರೂ ಗಮನಿಸುವುದಿಲ್ಲ. ಯಾಕೆ ಗಮನಿಸುವುದಿಲ್ಲ ಎಂದು ಕೇಳುವವರು ಕೇಳಿಕೊಳ್ಳಲಿ. ಎಲ್ಲದರಲ್ಲೂ ಹುಳುಕು ಹುಡುಕುವ ಜನ ಇರುತ್ತಾರೆ. ಕೊನೆಗೆ, ಸತ್ತುಹೋಗಿದ್ದಾನೆಂದು ಎಲ್ಲರೂ ತಿಳಿದಿದ್ದ ತಾತ ಒಗೆಯುವ ಬಟ್ಟೆಯ ಗಂಟು ಹೊತ್ತು ಬಾಗಿಲಲ್ಲಿ ನಿಂತು, "ಬಿಸಿನೀರು ಇದೆಯಾ?" ಎನ್ನುತ್ತಾನೆ.

ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಪಕ್ಕದ ಸೀಟಿನವರು ತಮಾಷೆಯ ಸಿನಿಮಾಗೆ ಅಳುವವಳನ್ನು ಕಂಡು ಆಚೆ ಸರಿದರು. ಬರಲಿ ಬಿಡಿ, ಸತ್ತ ತಾತ ವಾಪಸ್ ಬಂದರೆ ಯಾರಪ್ಪನ ಗಂಟು ಹೋಗುತ್ತದೆ? ಈ ವರ್ಷದ ಅತ್ಯುತ್ತಮ ಚಿತ್ರ ಇದೇ. ಇದನ್ನು ಅತ್ತೆಗೆ ಒಂದಕ್ಷರ ಬದಲಿಸದೆ ಹೇಳಿದೆ.

ಹೇಳುವಾಗ ಅವರು ನನ್ನ ಮುಖವನ್ನೇ ನೋಡುತ್ತಿದ್ದರು. "ಇಂಥದ್ದಕ್ಕೆಲ್ಲ ನೀನು ಮೂಗು ಮುರೀತಿದ್ದೆ" ಎಂದರು. ನಾನ್ಯಾಕೆ ಮೂಗು ಮುರಿಯಲಿ, ಚೆನ್ನಾಗಿದ್ದರೆ ಚೆನ್ನಾಗಿದೆ ಅನ್ನುತ್ತೇನೆ.

ಸ್ನಾನದ ಮನೆಯಿಂದ ಹಾಸಿಗೆಗೆ ಬರುವಷ್ಟರಲ್ಲಿ ಅತ್ತೆ ಗೋಡೆ ಹಿಡಿದು ಎರಡು ಸಲ ನಿಂತರು.

ಜುಲೈ 1, ಮಂಗಳವಾರ

ಸಿಕ್ಕಿಬಿದ್ದೆ.

ಸಂಜೆ ಅಂಗಡಿಯಿಂದ ಬರುವಾಗ ಮೇಲಿನ ಮನೆಯ ಟೀಚರ್ ಅತ್ತೆಯ ಜೊತೆ ಮಾತಾಡಿ ಹೊರಡುತ್ತಿದ್ದರು. ನಾನು ಕೈಕಾಲು ತೊಳೆದು ಬಂದೆ. ಅತ್ತೆ ಎಂದಿನ ಕುರ್ಚಿಯಲ್ಲಿದ್ದರು. ಬಿಸ್ಕತ್ತಿನ ಡಬ್ಬಿ ಇರಲಿಲ್ಲ.

"ಆ ಲಿಫ್ಟಿನ ಅಜ್ಜಿ ಸಿನಿಮಾ ಇನ್ನೊಂದು ಸಲ ಹೇಳೇ" ಎಂದರು.

ಹೇಳಿದೆ. ಬಾಗಿಲು ತೆರೆಯಿತು, ಅಜ್ಜಿ ಎದ್ದಳು, ತಾರಸಿಗೆ ಹೋದಳು, ಬಿಸಿಲಿಗೆ ಕಾಲು ಚಾಚಿ ಕಿತ್ತಳೆ ಹಣ್ಣು ಸುಲಿದು ತಿಂದಳು.

"ಹೋದ ಸಲ ಕಿತ್ತಳೆ ಹಣ್ಣು ಇರಲಿಲ್ಲ."

ನಾನು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಟೀಚರೂ ನೋಡಿದ್ರಂತೆ. ಅಜ್ಜಿ ಸ್ಟೂಲ್ ಮೇಲೇ ಹೋಗಿಬಿಟ್ಟಿದ್ಲಂತೆ. ಜನ ಗುಂಡಿ ಒತ್ಕೊಂಡ್ರಂತೆ." ಅತ್ತೆಯ ದನಿ ಏರಲಿಲ್ಲ. "ಅಂಗಡೀಲಿ ಪ್ಯಾಂಟ್ ಕತ್ತರಿಸೋದು ಸಾಲದು ಅಂತ ಮನೇಲಿ ಸಿನಿಮಾನೂ ಕತ್ತರಿಸ್ತಿದ್ದೀಯ?"

"ನಿಮಗೆ ಬೇಜಾರಾಗುತ್ತೆ ಅಂತ..."

"ಗುಂಡು ಬಿದ್ದವನು ಬದುಕಿದ್ದಕ್ಕೆ ವಾರಗಟ್ಟಲೆ ಬೈದವಳು ನೀನು. ಅಂಥವಳು ಅಜ್ಜೀನ ಉಳಿಸ್ತೀಯ ಅಂದ್ರೆ ಅದು ಅಜ್ಜಿ ವಿಷಯ ಅಲ್ಲ." ಕುರ್ಚಿಯ ಕೈ ಹಿಡಿದು ಮುಂದೆ ಬಾಗಿದರು. "ಸಿನಿಮಾ ಬಿಡು. ಆವತ್ತು ಡಾಕ್ಟ್ರು ಏನಂದ್ಲು, ಅದನ್ನ ಹೇಳು. ಕಿತ್ತಳೆ ಹಣ್ಣು ಹಾಕ್ಬೇಡ."

ಹೇಳಿದೆ. ಕವಾಟ, ಎದೆ ತೆರೆಯುವುದು, ಅಪಾಯ, ತಡ ಮಾಡಬೇಡಿ ಎಂದದ್ದು, ನಾನು ತೆಗೆಯದ ಫೋನುಗಳು. ಅತ್ತೆ ಒಂದು ಸಲವೂ "ಆಮೇಲೆ?" ಎನ್ನಲಿಲ್ಲ.

ಮುಗಿದ ಮೇಲೆ, "ನನ್ನ ಜೀವ, ನನಗೇ ಸೆನ್ಸಾರಾ?" ಎಂದರು. ಎದ್ದು ಗೋಡೆ ಹಿಡಿದುಕೊಂಡು ಹೋಗಿ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

ಚಿಲಕ ಹಾಕಿದ ಸದ್ದು ಕೇಳಿಸಿತು. ಒಳಗೆ ಬಿದ್ದುಬಿಟ್ಟರೆ ಹೇಗೆ ತೆಗೆಯುವುದು? ಬಾಗಿಲ ಹೊರಗೆ ನೆಲದ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಜುಲೈ 2, ಬುಧವಾರ

ಮಾತಿಲ್ಲ. ಚಹಾ ಕುಡಿದರು, ಲೋಟ ನನ್ನ ಕೈಗೆ ಕೊಡದೆ ನೆಲದ ಮೇಲಿಟ್ಟರು.

ಜುಲೈ 3, ಗುರುವಾರ

ಬೆಳಗ್ಗೆ ನಾನು ಅಂಗಡಿಗೆ ಹೊರಡುವಾಗ ಅತ್ತೆ, "ಕೂತ್ಕೋ" ಎಂದರು. ಕೂತೆ.

"ನಮ್ಮಕ್ಕನಿಗೂ ಹೀಗೇ ಮಾಡಿದ್ರು. ಸುಮ್ನೆ ಒಂದು ಇಂಜೆಕ್ಷನ್, ಸಂಜೆಗೆ ವಾಪಸ್ ಅಂತ ಹೇಳಿ ಕರ್ಕೊಂಡು ಹೋದ್ರು. ನನಗೆ ಗೊತ್ತಿತ್ತು, ಮನೆಯವರಿಗೆಲ್ಲ ಗೊತ್ತಿತ್ತು, ಅವಳಿಗೆ ಮಾತ್ರ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ನನಗೆ ಹೇಳಿದ್ಲು, ಒಲೆ ಮೇಲೆ ಹಾಲಿದೆ, ಉಕ್ಕದ ಹಾಗೆ ನೋಡ್ಕೋ ಅಂತ. ಅದೇ ಕೊನೇ ಮಾತು. ಗೊತ್ತಿದ್ದಿದ್ರೆ ಬೇರೆ ಏನೋ ಹೇಳ್ತಿದ್ಲು ಅಲ್ವಾ? ನಾನೂ ಏನೋ ಹೇಳ್ತಿದ್ದೆ. ಹೂಂ ಅಂದೆ ಅಷ್ಟೇ."

ಅತ್ತೆ ಅಳಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

"ಗಂಡ ಹೆಂಡ್ತಿ ಇಬ್ರೂ ಸೇರ್ಕೊಂಡು ನನಗೆ ಆಪರೇಷನ್ ಅಂದ್ರೆ ಭಯ ಅಂತ ತೀರ್ಮಾನ ಮಾಡಿದ್ರಿ. ಭಯ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದಕ್ಕಿಂತ ಭಯ ಯಾವುದು ಗೊತ್ತಾ? ಸುತ್ತ ಇರೋರಿಗೆಲ್ಲ ಗೊತ್ತಿದ್ದು, ನಾನೊಬ್ಬಳು ಹಾಲು ಉಕ್ಕುತ್ತೆ ಅಂತ ಹೇಳಿ ಹೋಗೋದು."

ಅವರ ಕಾಲು ಹಿಡಿಯಲು ಹೋದೆ. "ಏಳೇ, ಇದೇನು ಸಿನಿಮಾನಾ" ಎಂದು ಕೈ ಕೊಡವಿದರು. "ಫೋನ್ ಹಚ್ಚು ಆ ಡಾಕ್ಟ್ರಿಗೆ. ನಾನೇ ಮಾತಾಡ್ತೀನಿ."

ಮಾತಾಡಿದರು. ಬೇಕಾದ್ದೆಲ್ಲ ಕೇಳಿದರು. ಎದ್ದೇಳದೆಯೂ ಹೋಗಬಹುದಾ ಎಂದೂ ಕೇಳಿದರು. ಉತ್ತರ ಕೇಳಿಸದಿರಲೆಂದು ನಾನು ಕಿವಿ ಮುಚ್ಚಿಕೊಂಡೆ. ಬರುವ ಹದಿನಾಲ್ಕಕ್ಕೆ ಆಪರೇಷನ್ ಎಂದು ಗೊತ್ತಾಯಿತು. ಆಮೇಲೆ ಮಗನಿಗೆ ಫೋನು ಮಾಡಿ, "ನೋಡೋಣ ಗೀಡೋಣ ಅಂದ್ರೆ ಜೋಕೆ, ರಜೆ ಹಾಕಿ ಬಾ" ಎಂದರು.

ಹೇಳಿದ ಮೇಲೆ ಭಯ ಕಡಿಮೆಯಾಗಬೇಕಿತ್ತು. ದಿನಾಂಕ ಸಿಕ್ಕ ಮೇಲೆ ಹೆಚ್ಚಾಗಿದೆ.

ಜುಲೈ 11, ಶುಕ್ರವಾರ

ಇವತ್ತು ಅತ್ತೆ ಸಿನಿಮಾಗೆ ಬಂದರು! ತಾವೇ ಡಾಕ್ಟರಮ್ಮನನ್ನು ಕೇಳಿ, ಮೆಟ್ಟಿಲು ಹತ್ತಬಾರದೆಂಬ ಷರತ್ತಿನ ಮೇಲೆ ಒಪ್ಪಿಗೆ ಪಡೆದಿದ್ದರು. ಬಾಲ್ಕನಿ ಬಿಟ್ಟು ಬೇರೆ ಕಡೆ ಕೂತವರಲ್ಲ, "ಕೆಳಗೆ ಕೂತ್ರೆ ನಾಯಕನ ಮೂಗಿನ ಹೊಳ್ಳೆ ಕಾಣುತ್ತೆ" ಎನ್ನುತ್ತಿದ್ದವರು, ಕೆಳಗಿನ ಸಾಲಿನಲ್ಲಿ ಮಹಾರಾಣಿಯ ಹಾಗೆ ಕೂತರು. ಟಾರ್ಚಿನವನು ಎಲ್ಲಿಂದಲೋ ಒಂದು ದಿಂಬು ತಂದುಕೊಟ್ಟ.

ಯಾವ ಸಿನಿಮಾ ಎಂದು ನಾನು ವಿಚಾರಿಸಿರಲಿಲ್ಲ. ವಿಚಾರಿಸಬೇಕಿತ್ತು. ಗಣಿ ಕುಸಿಯುತ್ತದೆ, ಒಳಗೆ ಗಂಡಸರು, ಹೊರಗೆ ಕಾಯುತ್ತ ನಿಂತ ಹೆಂಗಸರು. ಅವರಲ್ಲಿ ಗಂಡನಿಗಾಗಿ ಕಾಯುವ ಒಬ್ಬಳ ಕಥೆ. ಫೋಟೋಗ್ರಫಿ ಚೆನ್ನಾಗಿದೆ, ಮಣ್ಣು ಮಣ್ಣಿನ ಹಾಗೇ ಇದೆ. ಹಾಡೊಂದು ಬೇಕಿರಲಿಲ್ಲ. ಕೊನೆಯಲ್ಲಿ ಗಣಿಯ ಬಾಯಿಂದ ಹಗ್ಗದ ತೊಟ್ಟಿಲು ಒಬ್ಬೊಬ್ಬರನ್ನೇ ಮೇಲೆ ತರುತ್ತದೆ.

ಅಲ್ಲಿಂದ ಮುಂದೆ ನಾನು ಬರೆಯುವುದು ನೋಡಿದ್ದನ್ನಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಆಗಲೇ ಇಲ್ಲ ನನ್ನ ಕೈಯಲ್ಲಿ. ಎದ್ದು ಹೋಗೋಣವೆಂದರೆ ಅತ್ತೆಯ ಮೊಣಕೈ ನನ್ನ ಕೈ ಮೇಲಿತ್ತು.

"ಕಣ್ಣು ಮುಚ್ಕೊಂಡಿದ್ದೀಯಾ?" ಎಂದು ಕಿವಿಯ ಹತ್ತಿರ ಕೇಳಿದರು.

ಹೂಂ ಎಂದೆ.

"ಸರಿ ಬಿಡು. ಒಬ್ಬ ಬಂದ. ಇವನಲ್ಲ." ಮೊಣಕೈ ಇನ್ನಷ್ಟು ಒತ್ತಿದರು. "ಇನ್ನೊಬ್ಬ ಬಂದ, ಇವನೂ ಅಲ್ಲ, ಇವನು ಆ ಕುಂಟ ಹುಡುಗಿಯ ಅಪ್ಪ. ಅವಳು ಓಡ್ತಿದ್ದಾಳೆ. ಮತ್ತೆ ಕೆಳಗೆ ಬಿಟ್ರು. ಎಲ್ಲಾ ನೋಡ್ತಿದ್ದಾರೆ. ಇವಳು ಮಾತ್ರ ಸೆರಗಿನ ಅಂಚು ಸುತ್ತುತಾ ಇದ್ದಾಳೆ. ಬಂತು, ಮೇಲೆ ಬಂತು."

"ಬಂದನಾ ಅತ್ತೆ?"

"ಇಲ್ಲ ಕಣೇ. ಖಾಲಿ ಬಂತು."

ಥಿಯೇಟರಿನಲ್ಲಿ ಯಾರೋ ಮೂಗೆಳೆದರು. ನನ್ನ ಬೆರಳುಗಳು ಅತ್ತೆಯ ಕೈಯೊಳಗಿದ್ದವು.

"ಅವಳು ಏನ್ ಮಾಡಿದ್ಲು?"

"ನಿಂತಿದ್ದಾಳೆ. ಇನ್ನೂ ನಿಂತಿದ್ದಾಳೆ. ಒಬ್ಬ ಬಂದು ಏನೋ ಹೇಳ್ದ, ಕೇಳಿಸ್ಕೊಳ್ಳಲಿಲ್ಲ. ಈಗ ಹೊರಟ್ಲು. ಮನೆಗೆ ಬಂದ್ಲು. ಒಲೆ ಹಚ್ಚಿದ್ಲು. ಅಷ್ಟೇ, ಹೆಸರು ಬರ್ತಾ ಇದೆ. ಕಣ್ಣು ಬಿಡು."

ಬಿಟ್ಟೆ. ಅತ್ತೆಯ ಕೆನ್ನೆ ಒದ್ದೆಯಾಗಿತ್ತು. ಈರುಳ್ಳಿಯ ಮಾತು ಆಡಲಿಲ್ಲ. "ಚೆನ್ನಾಗಿತ್ತು, ಉದ್ದ ಸ್ವಲ್ಪ ಜಾಸ್ತಿಯಾಯ್ತು" ಎಂದಷ್ಟೇ ಹೇಳಿ, ನನ್ನ ಭುಜ ಹಿಡಿದು ಎದ್ದರು.

ಜುಲೈ 14, ಸೋಮವಾರ

ಒಳಗೆ ಕರೆದುಕೊಂಡು ಹೋದರು. ಹೋಗುವ ಮೊದಲು ಅತ್ತೆ ಮಗನ ತಲೆ ಸವರಿದರು. ಇವರು "ಊಟ..." ಎಂದು ಶುರು ಮಾಡಿ, ಇವತ್ತು ಬೆಳಗಿನಿಂದ ಉಪವಾಸವೆಂದು ನೆನಪಾಗಿ, ಅಮ್ಮನ ಕೈಗೆ ಮುಖ ಒತ್ತಿಕೊಂಡರು.

ನನಗೆ ಅತ್ತೆ ಹೇಳಿದ್ದು: "ನೀನು ಬಂದ ಮೇಲೆ ನನಗೆ ಬೇಜಾರು ಅನ್ನೋದೇ ಗೊತ್ತಾಗ್ಲಿಲ್ಲ. ಇದನ್ನ ಮೊದಲೇ ಹೇಳಿದ್ರೆ ನನ್ನ ತಲೆ ಮೇಲೆ ಕೂರ್ತಿದ್ದೆ ಅಂತ ಹೇಳಿರ್ಲಿಲ್ಲ." ಆಮೇಲೆ, "ಎದ್ದ ಮೇಲೆ ಏನಾಯ್ತು ಅಂತ ನಿನ್ನನ್ನೇ ಕೇಳ್ತೀನಿ. ಇವನನ್ನ ಕೇಳಲ್ಲ."

ನಾನೂ ಹೇಳಿದೆ. ಏನು ಹೇಳಿದೆನೆಂದು ಇಲ್ಲಿ ಬರೆಯುವುದಿಲ್ಲ. ಹೇಳಿದೆ, ಅಷ್ಟು ಸಾಕು.

ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿದೆ. ಭಯ, ಭಯ, ಭಯ.

ಜುಲೈ 15, ಮಂಗಳವಾರ

ನಿನ್ನೆ ಸಂಜೆ ಡಾಕ್ಟರಮ್ಮ ಹೊರಗೆ ಬಂದು, "ಅವರ ಕಡೆಯವರು ಯಾರು?" ಎಂದು ಕೇಳಿದರು. ನಾನು ಎದ್ದು ನಿಂತೆ. ಇವರು ನನ್ನ ಹಿಂದೆ ನಿಂತರು.

ಇವತ್ತು ಬೆಳಗ್ಗೆ ಅತ್ತೆಗೆ ಎಚ್ಚರವಾಗಿದೆ ಎಂದು ನನ್ನನ್ನು ಒಳಗೆ ಬಿಟ್ಟರು. ನರ್ಸು ಬಾಗಿಲಲ್ಲೇ ತಡೆದು, "ಎಲ್ಲ ಚೆನ್ನಾಗಿದೆ ಅನ್ನಿ, ಸಾಕು, ಹೆದರಿಸ್ಬೇಡಿ" ಎಂದು ಹೇಳಿಕೊಟ್ಟಳು. ಒಳ್ಳೆಯ ಹುಡುಗಿ.

ಬಾಯಲ್ಲಿ ಕೊಳವೆ, ಕೈಗೆ ಮೂಗಿಗೆಲ್ಲ ಪೈಪು. ಅತ್ತೆ ಎಷ್ಟು ಚಿಕ್ಕವರಾಗಿ ಕಂಡರೆಂದರೆ ಬೇರೆ ಯಾರದೋ ಹಾಸಿಗೆಗೆ ಬಂದೆನೇನೋ ಅನ್ನಿಸಿತು. ಕಣ್ಣು ಮಾತ್ರ ಅವರದೇ. ನನ್ನನ್ನು ಕಂಡವು, ನಿಂತವು. ಮಾತಾಡುವಂತಿಲ್ಲ. ಆದರೆ ಏನು ಕೇಳುತ್ತಿದ್ದಾರೆಂದು ನನಗೆ ಗೊತ್ತಾಯಿತು.

ಹಾಸಿಗೆಯ ಕಂಬಿ ಹಿಡಿದುಕೊಂಡೆ.

"ಆಪರೇಷನ್ ಆಯ್ತು ಅತ್ತೆ. ಹೊಸದು ಕೂರಿಸಿದ್ದಾರೆ. ಆದ್ರೆ ಅದಕ್ಕೆ ಅಂತ ನಿಲ್ಲಿಸಿದ್ದ ಹೃದಯ ಮತ್ತೆ ಶುರುವಾಗೋಕೆ ತುಂಬ ತಡ ಮಾಡ್ತಂತೆ. ಡಾಕ್ಟ್ರು ಕೈಚೆಲ್ಲೋ ಹಾಗಾಗಿತ್ತಂತೆ. ಆಮೇಲೆ ಶುರುವಾಯ್ತು. ಈಗ ಹೊಡ್ಕೊಳ್ತಿದೆ, ಆದ್ರೆ ಇನ್ನೂ ಶಕ್ತಿ ಇಲ್ವಂತೆ. ಈ ಎರಡು ಮೂರು ದಿನ ಕಳೀಬೇಕು, ಅಲ್ಲೀವರೆಗೂ ಏನೂ ಹೇಳೋಕಾಗಲ್ಲ ಅಂದ್ರು. ಚೆನ್ನಾಗಾಗಬಹುದು. ಆಗದೇನೂ ಇರಬಹುದು. ಎರಡೂ ಅಂದ್ರು." ಇಲ್ಲಿ ನಿಲ್ಲಿಸಬಹುದಿತ್ತು. "ನನಗೆ ತುಂಬ ಭಯ ಆಗ್ತಿದೆ ಅತ್ತೆ. ನಿಮಗೂ ಆಗ್ತಿರಬೇಕು."

ಬಾಗಿಲಲ್ಲಿ ನರ್ಸಿನ ಮುಖ ಕೆಂಪಾಯಿತು.

ಅತ್ತೆ ಒಂದು ಸಲ ಕಣ್ಣು ಮುಚ್ಚಿ ತೆರೆದರು. ಆಮೇಲೆ ಪೈಪು ಚುಚ್ಚಿದ್ದ ಆ ಕೈಯನ್ನು ಒಂದಿಷ್ಟೇ ಎತ್ತಿದರು. ನಾನು ನನ್ನ ಕೈಯನ್ನು ಅದರ ಕೆಳಗೆ ಇಟ್ಟೆ.